ಹೊಸ ಕಂಪ್ಯೂಟರಿಗೆ ಇಮೇಲ್ ವಿಳಾಸಗಳನ್ನೂ ಕಡತಗಳನ್ನೂ ಸಾಗಿಸುವುದು: ಏನೂ ಕಳೆಯದಂತೆ, ಹಂತ ಹಂತವಾಗಿ

ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಸಂಘಗಳ ಕಚೇರಿಗಳಲ್ಲಿ, ಹೋಟೆಲುಗಳ ಲೆಕ್ಕದ ಮೇಜುಗಳಲ್ಲಿ, ನಿವೃತ್ತರ ಮನೆಗಳಲ್ಲಿ ಕಂಪ್ಯೂಟರ್ ಬದಲಾದಾಗಲೆಲ್ಲ ಕೇಳಿಬರುವ ದೂರು ಒಂದೇ: ‘ಎಲ್ಲವನ್ನೂ ಕಾಪಿ ಮಾಡಿಸಿದೆವು, ಮೇಲ್ ವಿಳಾಸಗಳು ಮಾತ್ರ ಬಂದಿಲ್ಲ.’ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾರಣಕ್ಕೆ ಹೊಸ ಯಂತ್ರ ಕೊಂಡವರಿಂದಲೂ ಇದೇ ಮಾತು ಕೇಳಿಬರುತ್ತಿದೆ.

ಕಾರಣ ಸರಳ. ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳನ್ನು ಎಲ್ಲರೂ ಕಾಪಿ ಮಾಡುತ್ತಾರೆ. ಮೇಲ್ ಮತ್ತು ವಿಳಾಸ ಪುಸ್ತಕ ಎಷ್ಟೋ ಸಲ ಅಡಗಿಸಿಟ್ಟ ಫೋಲ್ಡರುಗಳಲ್ಲಿರುತ್ತವೆ. ಅವು ಅಲ್ಲಿಯೇ ಉಳಿಯುತ್ತವೆ, ಹಳೆಯ ಯಂತ್ರದ ಡಿಸ್ಕ್ ಅಳಿಸಿದಾಗ ಅವೂ ಅಳಿಯುತ್ತವೆ. ಈ ಕೆಲಸದಲ್ಲಿ ಜಾಣತನಕ್ಕಿಂತ ಅನುಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಬೇಕು. ಹಳೆಯ ಯಂತ್ರದಲ್ಲಿ ಬಳಕೆಯಾಗಿರುವ ಜಾಗದ ಒಂದೂವರೆ ಪಟ್ಟಾದರೂ ಅದರಲ್ಲಿ ಖಾಲಿ ಇರಲಿ. ಪೆನ್‌ಡ್ರೈವ್ ನೆಚ್ಚಬೇಡಿ. ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್32 ಮಾದರಿಯಲ್ಲಿರುತ್ತವೆ. 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ. ಔಟ್‌ಲುಕ್‌ನ ಮೇಲ್ ಫೈಲು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಪೆನ್‌ಡ್ರೈವ್‌ನಲ್ಲಿ ಹತ್ತಾರು ಜಿಬಿ ಖಾಲಿ ಇದ್ದೂ ‘ಫೈಲು ತೀರಾ ದೊಡ್ಡದು’ ಎಂಬ ಸಂದೇಶ ಬಂದರೆ ಇದೇ ಕಾರಣ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿರಬೇಕು.

ಹಳೆಯ ಯಂತ್ರ ಆನ್ ಆಗುವುದೇ ಇಲ್ಲವಾದರೆ ಅದರ ಡಿಸ್ಕ್ ಕಳಚಿ ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಬೇಕಾಗುತ್ತದೆ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಅದು ಸಿಗುತ್ತದೆ. ಆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ತೆರೆಯುವುದಿಲ್ಲ. ಬಹುತೇಕ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

ಇನ್ನು ಸಮಯ. ಅರ್ಧ ದಿನ ಬಿಡುವಿರುವಾಗ ಕೈ ಹಾಕಿ. ಗಣೇಶೋತ್ಸವದ ಆಮಂತ್ರಣ ಹೊರಡಬೇಕಾದ ಮುನ್ನಾದಿನವೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನವೋ ಬೇಡ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಕಡೆ ಯುಪಿಎಸ್ ಇಲ್ಲದೆ ದೊಡ್ಡ ಕಾಪಿ ಶುರು ಮಾಡಬೇಡಿ.

ಹಳೆಯ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜ್‌ಗೆ ಕೊಡುವ ಯೋಚನೆ ಇದ್ದರೆ, ಹೊಸದು ಕೊಂಡ ದಿನವೇ ಅದನ್ನು ಕೈಬಿಡಬೇಡಿ. ರಿಯಾಯಿತಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಹಂತ 1: ನಿಮ್ಮ ಮೇಲ್ ಎಲ್ಲಿದೆ ಎಂದು ಪತ್ತೆ ಮಾಡಿ

ಇದು ತಿಳಿಯದೆ ಮುಂದಿನ ಯಾವ ಹೆಜ್ಜೆಯೂ ಬೇಡ. ಬ್ರೌಸರಿನಲ್ಲಿ ಜಿಮೇಲ್ ತೆರೆದು ಓದುವವರ ಪತ್ರಗಳು ಗೂಗಲ್‌ನ ಸರ್ವರಿನಲ್ಲಿರುತ್ತವೆ. ಹೊಸ ಯಂತ್ರದಲ್ಲಿ ಲಾಗಿನ್ ಆದರೆ ಎಲ್ಲವೂ ಬರುತ್ತದೆ. ಇಂಥವರು ಎರಡನೇ ಹಂತದಲ್ಲಿ ಜಿಮೇಲ್ ಬಗ್ಗೆ ಬರೆದದ್ದನ್ನು ಓದಿ ನೇರ ಐದಕ್ಕೆ ಹೋಗಬಹುದು.

ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಳಸುವವರು ಖಾತೆಯ ಸೆಟ್ಟಿಂಗ್ಸ್ ತೆರೆದು ಅಲ್ಲಿ ‘ಐಮ್ಯಾಪ್’ ಎಂದಿದೆಯೇ ‘ಪಾಪ್’ ಎಂದಿದೆಯೇ ನೋಡಬೇಕು. ಐಮ್ಯಾಪ್ ಆದರೆ ಪತ್ರಗಳ ಮೂಲ ಸರ್ವರಿನಲ್ಲಿದೆ, ನಿಮ್ಮಲ್ಲಿರುವುದು ಪ್ರತಿ. ಪಾಪ್ ಆದರೆ ತಿರುವುಮುರುವು: ಪತ್ರ ನಿಮ್ಮ ಕಂಪ್ಯೂಟರಿಗೆ ಇಳಿದ ಮೇಲೆ ಸೆಟ್ಟಿಂಗ್ ಇದ್ದಂತೆ ಕೂಡಲೇ ಅಥವಾ ಕೆಲವು ದಿನಗಳ ನಂತರ ಸರ್ವರಿನಿಂದ ಅಳಿಸಿಹೋಗುತ್ತದೆ. ಹಲವು ವರ್ಷಗಳ ಪತ್ರವ್ಯವಹಾರ ಆ ಒಂದು ಯಂತ್ರದಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಸ್ವಂತ ಡೊಮೇನ್ ಇರುವ ಸಣ್ಣ ಕಚೇರಿಗಳಲ್ಲಿ ಪಾಪ್ ಈಗಲೂ ಬಳಕೆಯಲ್ಲಿದೆ.

ಐಮ್ಯಾಪ್ ಬಳಸುವವರಿಗೂ ಎರಡು ಎಚ್ಚರಿಕೆಗಳಿವೆ. ಥಂಡರ್‌ಬರ್ಡ್‌ನ ‘ಲೋಕಲ್ ಫೋಲ್ಡರ್ಸ್’ ಮತ್ತು ಔಟ್‌ಲುಕ್‌ನಲ್ಲಿ ‘ಈ ಕಂಪ್ಯೂಟರಿನಲ್ಲಿ ಮಾತ್ರ’ ಎಂದು ಗುರುತಾದ ಫೋಲ್ಡರುಗಳು ಸರ್ವರಿನಲ್ಲಿ ಇರುವುದಿಲ್ಲ. ಎರಡನೆಯದು ಇನ್ನೂ ಗಂಭೀರ: ಹೊಸದರಲ್ಲಿ ಮೇಲ್ ಬಂತೆಂದು ಹಳೆಯದರಲ್ಲಿ ಪತ್ರಗಳನ್ನು ಅಳಿಸುತ್ತ ಕೂತರೆ ಅವು ಸರ್ವರಿನಿಂದಲೂ ಹೋಗುತ್ತವೆ, ಹೊಸದರಿಂದಲೂ ಮಾಯವಾಗುತ್ತವೆ. ಹಳೆಯ ಯಂತ್ರದಲ್ಲಿ ಒಂದು ಪತ್ರವನ್ನೂ ಅಳಿಸಬೇಡಿ.

ಹಂತ 2: ವಿಳಾಸಗಳನ್ನು ಹೊರತೆಗೆಯಿರಿ

ಅತಿ ಹೆಚ್ಚು ಜನ ಸೋಲುವ ಜಾಗ ಇದು. ‘ಟು’ ಜಾಗದಲ್ಲಿ ಎರಡು ಅಕ್ಷರ ಹೊಡೆದ ತಕ್ಷಣ ಹೆಸರು ಮೂಡುತ್ತದಲ್ಲ, ಅದನ್ನು ನೋಡಿ ವಿಳಾಸ ಉಳಿದಿದೆ ಎಂದು ನಂಬುತ್ತಾರೆ. ಅದು ವಿಳಾಸ ಪುಸ್ತಕವಲ್ಲ. ನೀವು ಹಿಂದೆ ಪತ್ರ ಕಳುಹಿಸಿದವರ ನೆನಪನ್ನು ಪ್ರೋಗ್ರಾಂ ತನ್ನ ಪಾಡಿಗೆ ಇಟ್ಟುಕೊಂಡಿರುತ್ತದೆ, ಅಷ್ಟೆ. ಕಾಂಟ್ಯಾಕ್ಟ್ಸ್ ಎಕ್ಸ್‌ಪೋರ್ಟ್ ಮಾಡಿದಾಗ ಆ ಪಟ್ಟಿ ಬರುವುದಿಲ್ಲ. ಮೊದಲು ಕಾಂಟ್ಯಾಕ್ಟ್ಸ್ ಪುಟ ತೆರೆದು, ನಿಮಗೆ ಬೇಕಾದ ಹತ್ತು ಹೆಸರುಗಳು ಅಲ್ಲಿ ನಿಜವಾಗಿಯೂ ಇವೆಯೇ ನೋಡಿ. ಇಲ್ಲದಿದ್ದರೆ ‘ಸೆಂಟ್’ ಫೋಲ್ಡರ್ ತೆರೆದು, ಪತ್ರದ ಮೇಲಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಒಂದೊಂದಾಗಿ ಕಾಂಟ್ಯಾಕ್ಟ್ಸ್‌ಗೆ ಸೇರಿಸಿ. ಬೇಸರದ ಕೆಲಸ, ಆದರೆ ಹಳೆಯ ಯಂತ್ರ ಬದುಕಿರುವಾಗಲೇ ಮುಗಿಸಬೇಕು.

ಜಿಮೇಲ್‌ನಲ್ಲಿ: ಗೂಗಲ್ ಕಾಂಟ್ಯಾಕ್ಟ್ಸ್ ಪುಟದಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಗೂಗಲ್ ಸಿಎಸ್‌ವಿ, ಔಟ್‌ಲುಕ್ ಸಿಎಸ್‌ವಿ, ವಿಕಾರ್ಡ್ ಎಂಬ ಮೂರು ಆಯ್ಕೆಗಳಿವೆ (ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿಯ ಫೈಲು). ಮತ್ತೊಂದು ಗೂಗಲ್ ಖಾತೆಗೆ ಸೇರಿಸಲು ಮೊದಲನೆಯದು, ಔಟ್‌ಲುಕ್‌ಗೆ ಎರಡನೆಯದು, ಐಫೋನ್ ಅಥವಾ ಮ್ಯಾಕ್‌ಗೆ ಮೂರನೆಯದು. ಎಡಬದಿಯ ‘ಅದರ್ ಕಾಂಟ್ಯಾಕ್ಟ್ಸ್’ ಪಟ್ಟಿಯನ್ನು ಮರೆಯಬೇಡಿ. ನೀವು ಉತ್ತರ ಬರೆದ ಎಷ್ಟೋ ಜನ ಅಲ್ಲಿರುತ್ತಾರೆ. ಮುಖ್ಯ ಪಟ್ಟಿಯ ಜೊತೆಗೆ ಅದು ಹೊರಬರುವುದಿಲ್ಲ, ಬೇರೆಯಾಗಿಯೇ ಹೊರತೆಗೆಯಬೇಕು.

ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ: ಫೈಲ್, ಓಪನ್ ಆಂಡ್ ಎಕ್ಸ್‌ಪೋರ್ಟ್, ಇಂಪೋರ್ಟ್–ಎಕ್ಸ್‌ಪೋರ್ಟ್, ಎಕ್ಸ್‌ಪೋರ್ಟ್ ಟು ಎ ಫೈಲ್. ಹೊಸ ಯಂತ್ರದಲ್ಲೂ ಔಟ್‌ಲುಕ್ಕನ್ನೇ ಬಳಸುವುದಾದರೆ ಪಿಎಸ್‌ಟಿ ಎಂಬ ಔಟ್‌ಲುಕ್‌ನ ಸ್ವಂತ ಫೈಲು ಮಾದರಿ ಆಯ್ದುಕೊಳ್ಳಿ. ಜಿಮೇಲ್‌ಗೆ ಹೋಗುವುದಾದರೆ ಮಾತ್ರ ಸಿಎಸ್‌ವಿ.

ಥಂಡರ್‌ಬರ್ಡ್‌ನಲ್ಲಿ: ಅಡ್ರೆಸ್ ಬುಕ್ ತೆರೆದು ಎಡಗಡೆಯ ಪ್ರತಿಯೊಂದು ಪುಸ್ತಕವನ್ನೂ ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಬೇಕು. ‘ಕಲೆಕ್ಟೆಡ್ ಅಡ್ರೆಸಸ್’ ಎಂಬ ಪುಸ್ತಕವನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ. ಬೇಕಾದ ಅರ್ಧ ವಿಳಾಸಗಳು ಅದರಲ್ಲೇ ಇರಬಹುದು.

ಹಂತ 3: ಆ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ

ಸಿಎಸ್‌ವಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ತೆರೆಯುತ್ತದೆ. ಅಂಕಿಗಳ ಸಾಲನ್ನು ಕಂಡ ಕೂಡಲೇ ಅದು ಸಂಖ್ಯೆ ಎಂದು ಎಣಿಸುತ್ತದೆ. ಮುಂಬಯಿಯ 022, ಪುಣೆಯ 020, ಗೋವಾದ 0832 ಎಲ್ಲವೂ ಮುಂದಿನ ಸೊನ್ನೆ ಕಳೆದುಕೊಳ್ಳುತ್ತವೆ. 91 ಸೇರಿಸಿ ಬರೆದ ಹನ್ನೆರಡು ಅಂಕಿಗಳ ಮೊಬೈಲ್ ಸಂಖ್ಯೆ 9.19 ಎಂದು ಶುರುವಾಗಿ, ನಡುವೆ ಇಂಗ್ಲಿಷಿನ ‘ಇ’ ಅಕ್ಷರ, ಒಂದು ಕೂಡುವ ಚಿಹ್ನೆ, ಕೊನೆಗೆ 11 ಎಂದು ಕಾಣುತ್ತದೆ. ಆ ಸ್ಥಿತಿಯಲ್ಲಿ ‘ಸೇವ್’ ಒತ್ತಿದರೆ ಫೈಲಿನಲ್ಲಿ ಉಳಿಯುವುದು ಆ ಮೊಟಕು ರೂಪ. ಮೂಲ ಸಂಖ್ಯೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಮೊದಲು ಫೈಲಿನ ಒಂದು ಪ್ರತಿ ಮಾಡಿ ಬೇರೆ ಫೋಲ್ಡರಿನಲ್ಲಿಡಿ. ನೋಡಲೇಬೇಕಾದರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದು ಏನನ್ನೂ ಬದಲಿಸುವುದಿಲ್ಲ. ಪಟ್ಟಿ ತಿದ್ದಲು ಎಕ್ಸೆಲ್ ಬೇಕೇ ಬೇಕೆಂದರೆ ಖಾಲಿ ಹಾಳೆ ತೆರೆದು, ‘ಡೇಟಾ’ ವಿಭಾಗದ ‘ಫ್ರಂ ಟೆಕ್ಸ್ಟ್’ ದಾರಿಯಲ್ಲಿ ಒಳತಂದು, ಫೋನ್ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.

ನೋಟ್‌ಪ್ಯಾಡಿನಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದಿಟ್ಟ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ, ಎಕ್ಸ್‌ಪೋರ್ಟ್ ಆಗುವಾಗಲೇ ಕನ್ನಡ ಅಳಿದಿದೆ ಎಂದರ್ಥ. ಹಳೆಯ ಔಟ್‌ಲುಕ್‌ನ ಸಿಎಸ್‌ವಿಯಲ್ಲಿ ಹೀಗಾಗುತ್ತದೆ. ಆ ಫೈಲನ್ನು ಎಲ್ಲಿಗೂ ಸೇರಿಸಬೇಡಿ. ಬದಲಿಗೆ ಕಾಂಟ್ಯಾಕ್ಟ್ಸನ್ನು ಪಟ್ಟಿಯ ರೂಪದಲ್ಲಿ ಕಾಣುವಂತೆ ಮಾಡಿ, ಎಲ್ಲವನ್ನೂ ಆಯ್ದು ಕಾಪಿ ಮಾಡಿ. ಎಕ್ಸೆಲ್‌ನ ಹೊಸ ಹಾಳೆಯ ಎಲ್ಲ ಕೋಶಗಳನ್ನೂ ‘ಟೆಕ್ಸ್ಟ್’ ಮಾದರಿಗೆ ಬದಲಿಸಿದ ನಂತರ ಅಲ್ಲಿ ಪೇಸ್ಟ್ ಮಾಡಿ. ಆಮೇಲೆ ‘ಸಿಎಸ್‌ವಿ ಯುಟಿಎಫ್-8’ ಎಂಬ ಮಾದರಿಯಲ್ಲಿ ಉಳಿಸಿ. ಬರೀ ‘ಸಿಎಸ್‌ವಿ’ ಎಂದಿರುವ ಆಯ್ಕೆ ಬೇಡ, ಅದರಲ್ಲಿ ಕನ್ನಡ ಮತ್ತೆ ಹಾಳಾಗುತ್ತದೆ.

ಹಂತ 4: ಹಳೆಯ ಪತ್ರಗಳನ್ನು ತೆಗೆದುಕೊಳ್ಳುವುದು

ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್, ‘ಡೇಟಾ ಫೈಲ್ಸ್’ ಎಂಬಲ್ಲಿ ಫೈಲುಗಳ ಹೆಸರೂ ಜಾಗವೂ ಕಾಣುತ್ತವೆ. ಅವೆಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ಇರುವುದು ಸಾಮಾನ್ಯ, ‘ಆರ್ಕೈವ್’ ಎಂಬ ಹೆಸರಿನದು ಬೇರೆ ಡ್ರೈವಿನಲ್ಲೂ ಇರಬಹುದು. ಪಿಎಸ್‌ಟಿ ಎಂದು ಕೊನೆಯಾಗುವ ಫೈಲುಗಳು ಸಾಗಿಸಬೇಕಾದವು. ಒಎಸ್‌ಟಿ ಎಂಬುದು ಸರ್ವರಿನ ಪ್ರತಿ. ಅದನ್ನು ಒಯ್ದು ಹೊಸದರಲ್ಲಿ ತೆರೆಯಲು ಬರುವುದಿಲ್ಲ, ಅದರೊಳಗಿನದು ಬೇಕಿದ್ದರೆ ಹಳೆಯ ಯಂತ್ರದಲ್ಲೇ ಪಿಎಸ್‌ಟಿಯಾಗಿ ಎಕ್ಸ್‌ಪೋರ್ಟ್ ಮಾಡಬೇಕು.

ಕಾಪಿ ಮಾಡುವ ಮುನ್ನ ಔಟ್‌ಲುಕ್ ಪೂರ್ತಿ ಮುಚ್ಚಿರಬೇಕು. ತೆರೆದಿರುವಾಗ ಕಾಪಿ ತಡೆಹಿಡಿಯಲ್ಪಡುತ್ತದೆ, ಅಥವಾ ಕಾಪಿಯಾದರೂ ಅದು ನಂಬಲರ್ಹವಲ್ಲ.

ಥಂಡರ್‌ಬರ್ಡ್‌ನಲ್ಲಿ ಪತ್ರ, ವಿಳಾಸ, ಸೆಟ್ಟಿಂಗ್ ಎಲ್ಲವೂ ‘ಪ್ರೊಫೈಲ್’ ಎಂಬ ಒಂದೇ ಫೋಲ್ಡರಿನಲ್ಲಿರುತ್ತವೆ. ‘ಹೆಲ್ಪ್’ ವಿಭಾಗದ ಟ್ರಬಲ್‌ಶೂಟಿಂಗ್ ಮಾಹಿತಿ ಪುಟದಿಂದ ಆ ಫೋಲ್ಡರ್ ತೆರೆಯಬಹುದು. ಅದು 2 ಜಿಬಿಗಿಂತ ಚಿಕ್ಕದಾಗಿದ್ದರೆ ‘ಟೂಲ್ಸ್’ ಒಳಗಿನ ಎಕ್ಸ್‌ಪೋರ್ಟ್ ಸಾಕು. ದೊಡ್ಡದಾದರೆ ಪ್ರೋಗ್ರಾಂ ಮುಚ್ಚಿ ಇಡೀ ಫೋಲ್ಡರನ್ನೇ ಕಾಪಿ ಮಾಡಿ. ಹೊಸ ಯಂತ್ರದ ಥಂಡರ್‌ಬರ್ಡ್ ಹಳೆಯದರಷ್ಟೇ ಹೊಸ ಆವೃತ್ತಿಯದು ಅಥವಾ ಅದಕ್ಕಿಂತ ಹೊಸದಾಗಿರಬೇಕು.

ಔಟ್‌ಲುಕ್ ಎಕ್ಸ್‌ಪ್ರೆಸ್, ವಿಂಡೋಸ್ ಲೈವ್ ಮೇಲ್ ಇಂದಿಗೂ ನಡೆಸುತ್ತಿರುವವರು ಫೈಲುಗಳ ಹಿಂದೆ ಬೀಳಬೇಡಿ. ಅದೇ ಪ್ರೋಗ್ರಾಮಿನಲ್ಲಿ ಒಂದು ಐಮ್ಯಾಪ್ ಖಾತೆ ಸೇರಿಸಲು ಸಾಧ್ಯವಾದರೆ, ಹಳೆಯ ಪತ್ರಗಳನ್ನು ಅದರ ಫೋಲ್ಡರಿಗೆ ಎಳೆದುಹಾಕಿ. ಪತ್ರಗಳು ಸರ್ವರಿಗೆ ಏರುತ್ತವೆ. ಜಿಮೇಲ್‌ನ ಉಚಿತ ಜಾಗ 15 ಜಿಬಿ ಎಂಬುದು ನೆನಪಿರಲಿ. ಅದರಲ್ಲಿ ಫೋಟೋ, ಡ್ರೈವ್ ಕೂಡ ಸೇರಿವೆ.

ಹಂತ 5: ಉಳಿದ ಕಡತಗಳು

ಮೊದಲು ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ವಿಭಾಗದಲ್ಲಿ ‘ಹಿಡನ್ ಐಟಮ್ಸ್’ ಕಾಣುವಂತೆ ಮಾಡಿ. ನಂತರ ನಿಮ್ಮ ಬಳಕೆದಾರ ಹೆಸರಿನ ಫೋಲ್ಡರ್, ಡಿ ಡ್ರೈವ್, ಸಿ ಡ್ರೈವ್ ತೆರೆದ ಕೂಡಲೇ ಕಾಣುವಂತೆ ನೀವೇ ಮಾಡಿಕೊಂಡ ಫೋಲ್ಡರುಗಳು, ಇವನ್ನು ಕಾಪಿ ಮಾಡಿ. ‘ಪ್ರೋಗ್ರಾಂ ಫೈಲ್ಸ್’ ಮತ್ತು ‘ವಿಂಡೋಸ್’ ಫೋಲ್ಡರುಗಳನ್ನು ಒಯ್ದು ಪ್ರಯೋಜನವಿಲ್ಲ. ಪ್ರೋಗ್ರಾಮುಗಳನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು.

ಒನ್‌ಡ್ರೈವ್ (ಫೈಲುಗಳನ್ನು ಇಂಟರ್‌ನೆಟ್‌ನಲ್ಲಿಡುವ ಮೈಕ್ರೋಸಾಫ್ಟ್‌ನ ಸೇವೆ) ಇದ್ದರೆ ಫೈಲಿನ ಪಕ್ಕದ ಗುರುತು ನೋಡಿ. ಮೋಡದ ಚಿತ್ರವಿದ್ದರೆ ಆ ಫೈಲು ಯಂತ್ರದಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ, ಎಲ್ಲವೂ ಹಸಿರು ಗುರುತಿಗೆ ತಿರುಗಿದ ಮೇಲೆ ಕಾಪಿ ಮಾಡಿ.

ಲೆಕ್ಕಪತ್ರ ನೋಡುವವರಿಗೆ ಎರಡು ಮಾತು. ಟ್ಯಾಲಿಯ ಡೇಟಾ ಎಲ್ಲಿದೆ ಎಂಬುದನ್ನು ಕಂಪನಿ ಆರಿಸುವ ಪರದೆಯಲ್ಲೇ ನೋಡಿಕೊಳ್ಳಿ. ಟ್ಯಾಲಿಯೊಳಗಿಂದ ಬ್ಯಾಕಪ್ ತೆಗೆದು, ಡೇಟಾ ಫೋಲ್ಡರನ್ನೂ ಪ್ರತ್ಯೇಕ ಕಾಪಿ ಮಾಡಿ. ಒಬ್ಬ ಬಳಕೆದಾರರ ಲೈಸೆನ್ಸ್ ಇದ್ದರೆ ಹಳೆಯ ಯಂತ್ರದಲ್ಲಿ ಅದನ್ನು ‘ಸರೆಂಡರ್’ ಮಾಡಿದ ನಂತರ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್ನಿನ ಒಳಗೇ ಇರುತ್ತದೆ, ಅದನ್ನು ಕಾಪಿ ಮಾಡುವ ಪ್ರಶ್ನೆ ಇಲ್ಲ. ಹೊಸ ಯಂತ್ರಕ್ಕೆ ಟೋಕನ್ನಿನ ಡ್ರೈವರ್ ಹಾಕಬೇಕು. ಬ್ರೌಸರಿನ ಬುಕ್‌ಮಾರ್ಕುಗಳು ಗೂಗಲ್ ಖಾತೆಯೊಡನೆ ಸಿಂಕ್ ಆಗಿದ್ದರೆ ತಾವೇ ಬರುತ್ತವೆ.

ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ‘ಪ್ರಾಪರ್ಟೀಸ್’ ತೆರೆದು ಫೈಲುಗಳ ಸಂಖ್ಯೆಯನ್ನೂ ‘ಸೈಜ್’ ಎಂಬುದನ್ನೂ ಹೋಲಿಸಿ. ಅದರ ಕೆಳಗಿನ ‘ಸೈಜ್ ಆನ್ ಡಿಸ್ಕ್’ ಬೇರೆ ಬೇರೆ ಇರುವುದು ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹಂತ 6: ನುಡಿ, ಬರಹ, ಶ್ರೀಲಿಪಿಯ ಕಡತಗಳು

ಇವು ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಸಿಗದ ತೊಂದರೆ ಇದು, ನಮ್ಮ ಸಂಘಗಳ ಅರ್ಧ ಸಂಗ್ರಹ ಇದರಲ್ಲಿ ಸಿಕ್ಕಿಕೊಂಡಿದೆ. ಹಳೆಯ ಸದಸ್ಯರ ಪಟ್ಟಿ, ವಾರ್ಷಿಕ ವರದಿ, ಸ್ಮರಣ ಸಂಚಿಕೆಯ ಲೇಖನ ಹೊಸ ಯಂತ್ರದಲ್ಲಿ ತೆರೆದಾಗ ಇಂಗ್ಲಿಷಿನ ದೊಡ್ಡ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಗಳ ಸಾಲು ಕಾಣಿಸುತ್ತದೆ. ಫೈಲು ಕೆಟ್ಟಿದೆ ಎಂದು ಅಳಿಸಿದವರಿದ್ದಾರೆ. ಅದು ಕೆಟ್ಟಿಲ್ಲ. ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ನುಡಿ ಅಕ್ಷರದಲ್ಲಿ ಟೈಪಾಗಿದೆ, ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲ.

ಹಳೆಯ ಯಂತ್ರದ ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ, ಬಿಆರ್‌ಎಚ್ ಎಂದು ಶುರುವಾಗುವ ಬರಹದ ಫಾಂಟುಗಳು, ಶ್ರೀಲಿಪಿಯ ಫಾಂಟುಗಳು ಇವನ್ನು ಕಾಪಿ ಮಾಡಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಓದಲು ಅಷ್ಟು ಸಾಕು.

ಆದರೆ ಹೆಸರು, ವಿಳಾಸಗಳ ಪಟ್ಟಿಯನ್ನು ಜಿಮೇಲ್‌ಗೆ ಸೇರಿಸಬೇಕಾದರೆ ಫಾಂಟ್ ಸಾಲದು. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಅದಕ್ಕೆ ಸೌಲಭ್ಯವಿದೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯ ಅಕ್ಷರ ಜೋಡಣೆ ನುಡಿಯದಲ್ಲ, ಆದ್ದರಿಂದ ನುಡಿಯ ಪರಿವರ್ತಕಕ್ಕೆ ಅದನ್ನು ಕೊಟ್ಟರೆ ಅರ್ಥವಿಲ್ಲದ ಕನ್ನಡ ಬರುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ಓದಿ. ತಪ್ಪು ಹೆಚ್ಚಾಗಿ ಅಲ್ಲೇ ಆಗುತ್ತದೆ. ಮಧ್ಯದಲ್ಲಿ ಬರುವ ಇಂಗ್ಲಿಷ್ ಇಮೇಲ್ ವಿಳಾಸಗಳನ್ನು ಪರಿವರ್ತಕಕ್ಕೆ ಹಾಕಬೇಡಿ, ಅವೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಹೆಸರಿನ ಕಾಲಂ ಮಾತ್ರ ಬೇರೆ ಮಾಡಿ ಪರಿವರ್ತಿಸಿ.

ಹಂತ 7: ಹೊಸ ಯಂತ್ರದಲ್ಲಿ ಕೂರಿಸುವುದು

ಮೊದಲು ವಿಂಡೋಸ್ ಅಪ್‌ಡೇಟ್ ಮುಗಿಸಿ, ಹೊರಗಿನ ಡಿಸ್ಕನ್ನು ವೈರಸ್ ಪರೀಕ್ಷೆ ಮಾಡಿ. ಆಮೇಲೆ ಫೈಲುಗಳು, ನಂತರ ಫಾಂಟುಗಳು, ಮೇಲ್ ಕೊನೆಗೆ.

ಪಾಪ್ ಖಾತೆಯವರು ಇಲ್ಲಿ ನಿಧಾನಿಸಬೇಕು. ಹೊಸದರಲ್ಲಿ ಖಾತೆ ಹಾಕಿದ ಕ್ಷಣದಿಂದ ಅದು ಸರ್ವರಿನ ಪತ್ರಗಳನ್ನು ಎಳೆಯಲು ಶುರು ಮಾಡುತ್ತದೆ. ಹಳೆಯದೂ ಚಾಲೂ ಇದ್ದರೆ ಬೆಳಗಿನ ಪತ್ರ ಒಂದರಲ್ಲಿ, ಸಂಜೆಯದು ಇನ್ನೊಂದರಲ್ಲಿ ಎಂದು ಹಂಚಿಹೋಗುತ್ತದೆ. ಹಳೆಯದರಲ್ಲಿ ಕೊನೆಯ ಬಾರಿ ಮೇಲ್ ತರಿಸಿ, ಪಿಎಸ್‌ಟಿ ಕಾಪಿ ಮಾಡಿ, ಅದರ ಇಂಟರ್‌ನೆಟ್ ಕಳಚಿದ ಮೇಲೆಯೇ ಹೊಸದರಲ್ಲಿ ಖಾತೆ ಹಾಕಿ. ‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂಬ ಗುರುತನ್ನು ಆಗಲೇ ಹಾಕಿಬಿಡಿ.

ಹೊಸ ಲ್ಯಾಪ್‌ಟಾಪಿನೊಂದಿಗೆ ಬರುವ ‘ನ್ಯೂ ಔಟ್‌ಲುಕ್’ ಪಿಎಸ್‌ಟಿ ವಿಷಯದಲ್ಲಿ ಹಳೆಯದರಷ್ಟು ಕೆಲಸ ಮಾಡುವುದಿಲ್ಲ. ಪಿಎಸ್‌ಟಿ ನಂಬಿಕೊಂಡವರು ‘ಕ್ಲಾಸಿಕ್’ ಔಟ್‌ಲುಕ್ಕನ್ನೇ ಹಾಕಿಸಿಕೊಳ್ಳಿ. ಪಿಎಸ್‌ಟಿಯನ್ನು ಹೊರಗಿನ ಡಿಸ್ಕಿನಿಂದಲೇ ತೆರೆಯಬೇಡಿ, ಒನ್‌ಡ್ರೈವ್ ಫೋಲ್ಡರಿನಲ್ಲೂ ಇಡಬೇಡಿ. ಯಂತ್ರದ ಸ್ವಂತ ಡಿಸ್ಕಿಗೆ ಇಳಿಸಿಕೊಂಡು, ಔಟ್‌ಲುಕ್‌ನ ‘ಓಪನ್’ ಮೂಲಕ ಸೇರಿಸಿ.

ಪಾಸ್‌ವರ್ಡುಗಳು ಫೈಲಿನ ಜೊತೆ ಬರುವುದಿಲ್ಲ. ಹೊಸ ಯಂತ್ರದ ಮೊದಲ ಲಾಗಿನ್‌ಗೆ ಗೂಗಲ್ ನಿಮ್ಮ ಮೊಬೈಲಿನಲ್ಲಿ ಒಪ್ಪಿಗೆ ಕೇಳಬಹುದು, ಆದ್ದರಿಂದ ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂದು ಹಳೆಯ ಯಂತ್ರದಲ್ಲೇ ನೋಡಿಕೊಳ್ಳಿ. ಸಂಘದ ಖಾತೆಗೆ ಹಿಂದಿನ ಕಾರ್ಯದರ್ಶಿಯ ಸಂಖ್ಯೆಯೇ ಉಳಿದಿರುವುದು ತೀರಾ ಸಾಮಾನ್ಯ.

ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಸಿಎಸ್‌ವಿ ಸೇರಿಸುವಾಗ ಮೊದಲು ಐದು ಹೆಸರುಗಳ ಚಿಕ್ಕ ಫೈಲಿನಿಂದ ಪ್ರಯತ್ನಿಸಿ. ಸರಿಬಂದರೆ ಇಡೀ ಪಟ್ಟಿ. ಎಡವಟ್ಟಾದರೆ ಸೆಟ್ಟಿಂಗ್ಸ್‌ನ ‘ಅನ್‌ಡೂ ಚೇಂಜಸ್’ ಮೂಲಕ ಕಳೆದ 30 ದಿನಗಳೊಳಗಿನ ಯಾವುದೇ ಸ್ಥಿತಿಗೆ ಮರಳಬಹುದು. ಒಂದೇ ಹೆಸರು ಎರಡು ಸಲ ಬಂದಿದ್ದರೆ ‘ಮರ್ಜ್ ಆಂಡ್ ಫಿಕ್ಸ್’ ಇದೆ.

ಕೂಡಲೇ ಕೈ ತಡೆಯಬೇಕಾದ ಲಕ್ಷಣಗಳು

ಹಳೆಯ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ, ಕಾಪಿಯ ವೇಗ ಪದೇ ಪದೇ ಸೊನ್ನೆಗೆ ಇಳಿಯುತ್ತಿದ್ದರೆ ಅದು ಸಾಯುತ್ತಿದೆ. ಇಡೀ ಡ್ರೈವ್ ಕಾಪಿಗೆ ಹಾಕದೆ ಮೊದಲು ಪಿಎಸ್‌ಟಿ, ವಿಳಾಸ, ಲೆಕ್ಕದ ಫೋಲ್ಡರ್ ಇಷ್ಟನ್ನು ಎತ್ತಿಕೊಳ್ಳಿ. ಡಿಸ್ಕ್ ರಿಪೇರಿಯ ಪ್ರೋಗ್ರಾಂ ಓಡಿಸಬೇಡಿ.

ಹೊರಗಿನ ಡಿಸ್ಕ್ ಸಿಕ್ಕಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ‘ಬೇಡ’ ಎನ್ನಿ. ಪಿಎಸ್‌ಟಿ ತೆರೆಯಲು ಹೋದಾಗ ದೋಷ ಬಂದರೆ ಔಟ್‌ಲುಕ್ ಜೊತೆಗೇ ಬರುವ ಇನ್‌ಬಾಕ್ಸ್ ರಿಪೇರಿ ಟೂಲನ್ನು ಪ್ರತಿಯ ಮೇಲೆ ಮಾತ್ರ ಓಡಿಸಿ, ಮೂಲದ ಮೇಲಲ್ಲ. ‘ಎಲ್ಲ ಡೇಟಾ ಹಾಕಿ ಹಳೆಯದನ್ನು ಫಾರ್ಮ್ಯಾಟ್ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಮಾತಿನ ಮೊದಲ ಅರ್ಧಕ್ಕೆ ಒಪ್ಪಿ, ಎರಡನೆಯದಕ್ಕೆ ಬೇಡ.

ಹಂತ 8: ಪರೀಕ್ಷೆ, ಆಮೇಲೆ ಹಳೆಯದನ್ನು ಅಳಿಸುವುದು

ಹಳೆಯ ಯಂತ್ರದ ಇಂಟರ್‌ನೆಟ್ ತೆಗೆದು ಒಂದು ತಿಂಗಳು ಬದಿಗಿಡಿ. ಒಂದು ತಿಂಗಳು ಎನ್ನಲು ಕಾರಣವಿದೆ: ತಿಂಗಳ ಲೆಕ್ಕ, ಬಾಡಿಗೆ ರಸೀದಿ, ಸದಸ್ಯರಿಗೆ ಸೂಚನೆ ಮುಂತಾದ ಎಲ್ಲ ಕೆಲಸಗಳೂ ಆ ಅವಧಿಯಲ್ಲಿ ಒಮ್ಮೆಯಾದರೂ ಬರುತ್ತವೆ. ಯಾವ ಫೈಲು ಬಿಟ್ಟುಹೋಗಿದೆ ಎಂಬುದು ಆಗ ತಿಳಿಯುತ್ತದೆ.

ಹೊಸದರಲ್ಲಿ ತೀರಾ ಹಳೆಯ ಪತ್ರವೊಂದನ್ನು ಅದರ ಅಟ್ಯಾಚ್‌ಮೆಂಟ್ ಸಮೇತ ತೆರೆಯಿರಿ. ಕನ್ನಡ ಹೆಸರಿನ ಒಬ್ಬರಿಗೆ ಮೇಲ್ ಕಳುಹಿಸಿ. 022 ಇರುವ ಒಂದು ದೂರವಾಣಿ ಸಂಖ್ಯೆ ನೋಡಿ. ನುಡಿಯ ಒಂದು ಕಡತವನ್ನು ಮುದ್ರಿಸಿ. ಟ್ಯಾಲಿಯಲ್ಲಿ ಕಳೆದ ವರ್ಷದ ಕೊನೆಯ ಬಾಕಿ ಹಳೆಯದರೊಡನೆ ತಾಳೆಯಾಗುತ್ತದೆಯೇ ನೋಡಿ.

ಎಲ್ಲವೂ ಸರಿಯಿದ್ದರೆ, ಹಳೆಯ ಯಂತ್ರವನ್ನು ಮಾರುವ ಅಥವಾ ದಾನ ಕೊಡುವ ಮುನ್ನ ಖಾತೆಗಳಿಂದ ಸೈನ್ ಔಟ್ ಆಗಿ. ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ರಿಸೆಟ್ ದಿಸ್ ಪಿಸಿ’, ‘ರಿಮೂವ್ ಎವ್ರಿಥಿಂಗ್’ ಆರಿಸಿ, ಅದರೊಳಗಿನ ಸೆಟ್ಟಿಂಗ್ ಬದಲಿಸುವಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಅದಿಲ್ಲದೆ ರಿಸೆಟ್ ಮಾಡಿದರೆ ಸದಸ್ಯರ ಫೋನ್ ಸಂಖ್ಯೆಗಳೂ ಬ್ಯಾಂಕ್ ಕಾಗದಗಳೂ ತಿಳಿದವರ ಕೈಗೆ ಮರಳಿ ಸಿಗಬಹುದು. ಸಾಗಿಸಲು ಬಳಸಿದ ಪೋರ್ಟಬಲ್ ಡಿಸ್ಕನ್ನು ಖಾಲಿ ಮಾಡಬೇಡಿ. ದಿನಾಂಕ ಬರೆದ ಚೀಟಿ ಅಂಟಿಸಿ, ತೇವ ತಗಲದಂತೆ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡಿ.